ಹಳೇ ಕಾರಿಗೆ "ಹೊಸ ಎಸಿ ಸೆಟ್" ಹಾಕಿಸ್ಲಿಕ್ಕೆ ಹೊರಟವರು ಒಮ್ಮೆ ಓದಿ

ಬರಿಯುದು ಬೇಡ ಅಂತಲೇ ಇದ್ದೆ, ನಾಚಿಕೆ ಆಗ್ತದೆ ಮಾರಾಯ್ರೆ. ಆದ್ರೆ ನಿನ್ನೆ ಪೆರ್ಲದ ದೋಸ್ತಿ ಒಬ್ಬ ಅದೇ ಅಂಗಡಿಗೆ ಕಾರು ಕೊಂಡೋಗ್ತೇನೆ ಅಂದ, ಇನ್ನು ಸುಮ್ನೆ ಕೂತ್ರೆ ಆಗ್ಲಿಕ್ಕಿಲ್ಲ.

ನಮ್ದು ಅಪ್ಪ ತೆಗೆದ 1994ರ ಮಾರುತಿ 800. ಎಸಿ ಹಳೇ ಆರ್-12 ಗ್ಯಾಸಿಂದು, ಆ ಗ್ಯಾಸ್ ನಿಂತು ಎಷ್ಟು ಕಾಲ ಆಯ್ತು. ಕುಂಬಳೆ ಆಚೆ ಹೈವೇ ಬದಿಯ ಒಬ್ಬ, "ಎಲ್ಲ ತೆಗ್ದು ಆರ್-134ಎ ಗ್ಯಾಸಿನ ಸೆಟ್ ಹಾಕುವ ಸಾರ್, ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ಪೈಪು ಎಲ್ಲ ಹೊಸತು, 26,500" ಅಂದ. (ಡ್ರೈಯರ್ ಅಂದ್ರೆ ಗ್ಯಾಸಿನ ನೀರಪಸೆ ಹೀರುವ ಸಣ್ಣ ಡಬ್ಬಿ.) ಚರ್ಚೆ ಮಾಡಿ 24,000ಕ್ಕೆ ಇಳಿಸಿದೆ, ಇಳಿಸಿದೆ ಅಂತ ಹೆಂಡತಿ ಹತ್ರ ಜಂಬ ಬೇರೆ.

ಹತ್ತು ದಿನ ತಣ್ಣಗೆ ಬಂತು. ಮತ್ತೆ ಅತ್ತೆ ಮಾವನನ್ನು ಕೂರಿಸ್ಕೊಂಡು ಮಂಗ್ಳೂರಿಂದ ಬರುವಾಗ ತಲಪಾಡಿ ಟೋಲಿನ ಕ್ಯೂನಲ್ಲಿ ಬಿಸಿಗಾಳಿ. ಮಾವ ಎಂತದೂ ಹೇಳ್ಲಿಲ್ಲ, ಮೆಲ್ಲ ಹ್ಯಾಂಡಲ್ ತಿರುಗಿಸಿ ಗ್ಲಾಸ್ ಇಳಿಸಿದ್ರು. ಉಪ್ಪಳ ಮುಟ್ಟುವಾಗ ಕಿರ್ರ್ ಅಂತ ಶಬ್ದ, ಬೆಲ್ಟ್ ಸುಟ್ಟ ವಾಸನೆ.

ಫೋನ್ ಮಾಡಿದ್ರೆ, "ಗ್ಯಾಸ್ ಸೆಟ್ ಆಗ್ಲಿಕ್ಕೆ ಟೈಮ್ ಬೇಕು ಸಾರ್." ನಾನು ಅದನ್ನೂ ನಂಬಿದೆ! ವಾರ ಕಳೆದು ಮಾಡಿದ್ರೆ, "ಈ ಸೆಕೆಗೆ ಯಾವ ಎಸಿಯೂ ಎಳೀಲಿಕ್ಕಿಲ್ಲ."

ಕೊನೆಗೆ ಬೇರೆ ಮೆಕ್ಯಾನಿಕ್ ಬಾನೆಟ್ ಎತ್ತಿ, "ಇದು ಹೊಸ ಡ್ರೈಯರಾ?" ಅಂತ ಕೇಳಿದ. ಬಗ್ಗಿ ನೋಡ್ತೇನೆ, ಹಾರ್ನಿನ ವಯರು ನೇತಾಡ್ತದೆ ಅಂತ ಅಪ್ಪ ಡ್ರೈಯರಿಗೆ ಸೇರಿಸಿ ಕಟ್ಟಿದ ನೀಲಿ ಪ್ಲಾಸ್ಟಿಕ್ ಹಗ್ಗ, ಕಾಳುಮೆಣಸಿನ ಬಳ್ಳಿ ಕಟ್ಟುವಂಥದ್ದು, ಅದೇ ಗಂಟು, ಧೂಳು ಸಮೇತ. ಆ ಗಂಟು ಬಿಚ್ಚದೆ ಡ್ರೈಯರ್ ತೆಗೀಲಿಕ್ಕೇ ಆಗುದಿಲ್ಲ. ಗಂಟು ಬಿಚ್ಚಲೇ ಇಲ್ಲ ಮಾರಾಯ್ರೆ! ಕಂಪ್ರೆಸರಿಗೆ ಉಗುರು ಹಾಕಿದ್ರೆ ಸಿಲ್ವರ್ ಪೈಂಟ್ ಎದ್ದು ಬಂತು, ಒಳಗೆ ತುಕ್ಕು. ಒಳಗಿದ್ದದ್ದೂ ಹಳೇ ಮಿನರಲ್ ಆಯಿಲ್ಲೇ, 134ಎ ಗ್ಯಾಸಿಗೆ ಅದು ಬೆರೆಯುದಿಲ್ಲ, ಪೈಪಲ್ಲೇ ಉಳೀತದೆ, ಕಂಪ್ರೆಸರಿಗೆ ವಾಪಸ್ ಬರುದಿಲ್ಲ. ಒಣಗಿ ಜಾಮ್ ಆಗದೆ ಎಂತ ಆಗ್ತದೆ?

ಹೋಗಿ ಕೇಳಿದ್ರೆ ಆ ಜನ ಎಂತ ಹೇಳ್ಬೇಕು, "ಡ್ರೈಯರ್ ಕ್ಲೀನ್ ಮಾಡಿದ್ದೇನೆ ಸಾರ್, ಹೊಸತಿನ ಹಾಗೇ." ಹೊಸತಿನ ಹಾಗೇ! ಸ್ವಲ್ಪ ಬೊಬ್ಬೆ ಹಾಕಿದೆ, ಅದಕ್ಕೆ, "ಮೂವತ್ತು ವರ್ಷದ ಗಾಡಿಗೆ ಎಸಿ ಎಂತಕ್ಕೆ ಸಾರ್ ನಿಮ್ಗೆ?" 24,000 ಎಣಿಸಿ ಕಿಸೆಗೆ ಹಾಕುವಾಗ ಈ ಪ್ರಶ್ನೆ ಬರ್ಲಿಲ್ಲ ಇವನಿಗೆ. ಬಿಲ್ಲಲ್ಲಿ ಒಂದೇ ಗೆರೆ, "ಎಸಿ ವರ್ಕ್". ಯಾವ ಪಾರ್ಟ್ ಅಂತ ಇಲ್ಲ, ಯಾರ ಹತ್ರ ಹೋಗಿ ಹೇಳುದು.

ನೀವು ಹಾಕಿಸುದಾದ್ರೆ ಬಿಚ್ಚಿದ ಹಳೇ ಪಾರ್ಟ್ ಎಲ್ಲ ಕೈಗೆ ತಗೊಳ್ಳಿ, ಹೊಸ ಡ್ರೈಯರಿನ ಮುಚ್ಚಳ ನಿಮ್ಮೆದುರೇ ತೆಗೀಲಿ, ಯಾವ ಆಯಿಲ್ ಅಂತ ಡಬ್ಬ ನೋಡಿ, ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿ, ನೀರಪಸೆ ಎಳೀಲಿಕ್ಕೆ ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆಯಾದ್ರೂ ಓಡ್ಬೇಕು. ಅಲ್ಲೇ ನಿಲ್ಲಿ. ನಾನು ಗೋಳಿಬಜೆ ತಿನ್ಲಿಕ್ಕೆ ಹೋಗಿದ್ದೆ.

ಮೊನ್ನೆ ರಾತ್ರಿ ಅವನದ್ದೇ ವಾಟ್ಸಾಪ್ ಬಂತು: "ಬೇಜಾರ್ ಮಾಡ್ಬೇಡಿ ಸಾರ್, ಗಾಡಿ ತನ್ನಿ, ಗ್ಯಾಸ್ ಫ್ರೀ. ಲೇಬರ್ 1,500 ಮಾತ್ರ."