ಕಂಟ್ರಿ ಅಂದ್ಕೊಂಡ್ರೆ ಕ್ಯೂಬಾನೂ ಬಂತು: ಮ್ಯಾವರಿಕ್ಸ್ ಹಿಟ್ಸ್ ಆಲ್ಬಂ

ಹಿಟ್ಸ್ ಆಲ್ಬಂಗಳ ಮೇಲೆ ನನಗೆ ಅಷ್ಟೇನೂ ಗೌರವ ಇಲ್ಲ. ಒಂದ್ಸಲ ಮಾರಿದ ಹಾಡನ್ನೇ ಕಂಪನಿಯವರು ಹೊಸ ಕವರ್ ಹಾಕಿ ಇನ್ನೊಂದ್ಸಲ ಮಾರೋ ದಾರಿ ಅದು. ಇದರ ಹೆಸರು ಕೇಳಿದಾಗಂತೂ ನಗು ಬಂತು: ‘ಸೂಪರ್ ಕೊಲಾಸಲ್ ಸ್ಮ್ಯಾಶ್ ಹಿಟ್ಸ್ ಆಫ್ ದಿ ನೈಂಟೀಸ್’. ನಮ್ಮೂರಲ್ಲಿ ನಾಟಕ ಕಂಪನಿಯವರ ಬೋರ್ಡಿನ ಮೇಲೂ ಇಷ್ಟು ಉದ್ದದ ಬಿರುದು ಇರಲ್ಲ. ಅಮೆರಿಕದ ಮ್ಯಾವರಿಕ್ಸ್ ಅನ್ನೋ ಕಂಟ್ರಿ (ಅಲ್ಲಿಯ ಹಳ್ಳಿಗಾಡಿನಿಂದ ಬಂದ ಸಂಗೀತ) ಬ್ಯಾಂಡಿನದು. 1999ರಲ್ಲಿ ಬಂದದ್ದು.

ನಾನು ಬಳ್ಳಾರಿಯಲ್ಲಿ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸುವವನು. ಮದುವೆ ರಿಸೆಪ್ಷನ್, ಗಣೇಶನ ಪೆಂಡಾಲು, ಜಾತ್ರೆ ರಸಮಂಜರಿ. ಕಂಟ್ರಿ ಅಂದ್ರೆ ನನ್ನ ತಲೆಯಲ್ಲಿ ಇದ್ದದ್ದು ದೊಡ್ಡ ಟೋಪಿ, ಕುದುರೆ, ಮೂಗಲ್ಲಿ ಎಳೆದು ಹಾಡೋ ದನಿ, ಅಷ್ಟೇ. ನಮ್ಮ ಗಿಟಾರ್ ಹುಡುಗ ‘ಅಣ್ಣ, ಟ್ರಂಪೆಟ್ ಬಿಟ್ ಕೇಳು ಸಾಕು’ ಅಂತ ಕಳಿಸಿದ್ದಕ್ಕೆ ಕೇಳಿದೆ. ಸಿರುಗುಪ್ಪದ ಪ್ರೋಗ್ರಾಂ ಮುಗಿಸಿ ಬರ್ತಾ ಟೆಂಪೋದಲ್ಲಿ ಹಾಕಿದ್ವಿ. ‘ಡಾನ್ಸ್ ದಿ ನೈಟ್ ಅವೇ’ ಶುರುವಾಯ್ತು ನೋಡಿ, ಮುಂದಿನ ಸೀಟಲ್ಲಿ ನಿದ್ದೆ ಹೋಗಿದ್ದ ಸೌಂಡ್ ಸಿಸ್ಟಮ್ಮಿನವನು ಎದ್ದು ಕೂತ. ‘ಯಣ್ಣ, ಇದು ಮೆರವಣಿಗೆ ಬ್ಯಾಂಡಿನೋರು ಬಾರಿಸಿದಂಗೈತಲ್ಲ!’

ಅವನು ಹೇಳಿದ್ದು ಸರಿ. ಆ ಟ್ರಂಪೆಟ್‌ಗಳು ನಾಚಿಕೆ ಬಿಟ್ಟು ಊದುತ್ತವೆ. ಹಾಡು ಬಹುಪಾಲು ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಮೇಲೆ ಓಡುತ್ತೆ. ಎರಡು ಕಾರ್ಡ್ ಇಟ್ಟುಕೊಂಡು ಜನರನ್ನು ಅಷ್ಟು ಹೊತ್ತು ಹಿಡಿಯೋದು ಎಷ್ಟು ಕಷ್ಟ ಅಂತ ಸ್ಟೇಜಿನ ಮೇಲೆ ನಿಂತವನಿಗೇ ಗೊತ್ತು. ತಮಾಷೆ ಏನಂದ್ರೆ, 1998ರಲ್ಲಿ ಇದು ಬ್ರಿಟನ್ನಿನ ಚಾರ್ಟಲ್ಲಿ 4ನೇ ಸ್ಥಾನಕ್ಕೆ ಹೋಯ್ತು, ಅವರ ಸ್ವಂತ ದೇಶದ ಕಂಟ್ರಿ ರೇಡಿಯೋದಲ್ಲಿ ಅಷ್ಟಾಗಿ ಓಡಲೇ ಇಲ್ಲ.

ಕಂಟ್ರಿಗೆ ಕ್ಯೂಬಾ ಕಡೆಯ ಲ್ಯಾಟಿನ್ ತಾಳ ಸೇರಿಸೋ ಈ ಮಿಶ್ರಣ ಎಲ್ಲಿಂದ ಬಂತು ಅಂದ್ರೆ, ಮನೆಯಿಂದಲೇ. ಬ್ಯಾಂಡ್ ಹುಟ್ಟಿದ್ದು ಮಯಾಮಿಯಲ್ಲಿ, 1989ರಲ್ಲಿ. ಹಾಡುಗಾರ ರಾವುಲ್ ಮಾಲೊ ಹುಟ್ಟಿದ್ದೂ ಅದೇ ಊರಲ್ಲಿ, ಅಪ್ಪ ಅಮ್ಮ ಕ್ಯೂಬಾದವರು. 1992ರ ‘ಫ್ರಂ ಹೆಲ್ ಟು ಪ್ಯಾರಡೈಸ್’ ಆಲ್ಬಂನ ಅದೇ ಹೆಸರಿನ ಹಾಡಲ್ಲಿ ಕ್ಯೂಬಾ ಬಿಟ್ಟು ಬಂದವರ ಕಥೆ ಇದೆ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪ್ರೋಗ್ರಾಮಲ್ಲಿ ಒಂದು ಕನ್ನಡ ಹಾಡು ಮುಗಿಯೋದರೊಳಗೆ ತೆಲುಗು ಹಾಡಿನ ಚೀಟಿ ಸ್ಟೇಜಿಗೆ ಬಂದಿರುತ್ತೆ. ಎರಡನ್ನೂ ಹಾಡಬೇಕು, ಎರಡೂ ನಮ್ಮವೇ. ಯಾರೂ ಅದನ್ನು ಫ್ಯೂಷನ್ ಅಂತ ಕರೆಯಲ್ಲ. ಮಾಲೊ ಹಾಡೋದೂ ಹಾಗೇ. ಲ್ಯಾಟಿನ್ ತಾಳ ಬಂದಾಗ ‘ನೋಡಿ, ಈಗ ಸ್ಪೆಷಲ್ ಐಟಂ’ ಅನ್ನೋ ಠೀವಿ ಅವನಲ್ಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಆಲ್ ಯೂ ಎವರ್ ಡೂ ಈಸ್ ಬ್ರಿಂಗ್ ಮಿ ಡೌನ್’. ಅಕಾರ್ಡಿಯನ್ ನುಡಿಸಿರೋದು ಟೆಕ್ಸಾಸ್‌ನ ಫ್ಲಾಕೊ ಹಿಮೆನೆಜ್. ಅಲ್ಲಿಯ ಮೆಕ್ಸಿಕನ್ ಜನರ ಕೊನ್ಹುಂಟೊ ಸಂಗೀತದಲ್ಲಿ ದೊಡ್ಡ ಹೆಸರು. ಅವರದು ನಮ್ಮ ಪಿಯಾನೋ ಕೀ ಇರೋ ಅಕಾರ್ಡಿಯನ್ ಅಲ್ಲ, ಬಟನ್ ಒತ್ತುವಂಥದ್ದು. ನಮ್ಮ ಹಾರ್ಮೋನಿಯಂನಲ್ಲಿ ಇರೋ ಹಾಗೇ ಒಳಗೆ ಲೋಹದ ರೀಡು, ಗಾಳಿ ಹೊಡೆದರೆ ಅದು ನಡುಗಿ ಸ್ವರ ಬರುತ್ತೆ. ಆದರೆ ತಿದಿಯನ್ನು ಎಳೆದಾಗ ಒಂದು ಸ್ವರ, ಒತ್ತಿದಾಗ ಅದೇ ಬಟನ್ನಿಗೆ ಬೇರೆ ಸ್ವರ! ನಾನು ಕೀಬೋರ್ಡಿನ ಅಕಾರ್ಡಿಯನ್ ಟೋನಲ್ಲಿ ಆ ಬಿಟ್ ಹಿಡಿಯೋಕೆ ಕೂತೆ. ಸ್ವರಗಳೆಲ್ಲ ಸಿಕ್ಕವು, ಆ ಉಸಿರು ಮಾತ್ರ ಸಿಗಲಿಲ್ಲ. ಎಳೆದು ಒತ್ತೋ ಕೈಯ ತಾಳ ಅದರಲ್ಲಿದೆ, ಟೋನ್ ಬ್ಯಾಂಕಲ್ಲಿ ಅದೆಲ್ಲಿ ಸಿಗಬೇಕು? ಹಾಡಿನ ಮಾತೆಲ್ಲ ದೂರು, ‘ನನ್ನನ್ನು ಕುಗ್ಗಿಸೋದೇ ನಿನ್ನ ಕೆಲಸ’ ಅಂತ. ಅಕಾರ್ಡಿಯನ್ ಮಾತ್ರ ಆ ದೂರಿನ ಪಕ್ಕದಲ್ಲೇ ಕುಣೀತಿರುತ್ತೆ.

ನಿಧಾನದ ಹಾಡುಗಳು ಇನ್ನೊಂದು ಲೋಕ. 1950–60ರ ದಶಕದ ಪಾಪ್ ಹಾಡುಗಳ ಗುಂಗು ಅದು. ‘ಹಿಯರ್ ಕಮ್ಸ್ ದಿ ರೇನ್’ಗೆ ಗ್ರ್ಯಾಮಿ ಬಂತು. ಮಾಲೊನ ದನಿಯನ್ನು ಎಲ್ಲರೂ ಆ ಕಾಲದ ಅಮೆರಿಕನ್ ಹಾಡುಗಾರ ರಾಯ್ ಆರ್ಬಿಸನ್‌ಗೆ ಹೋಲಿಸುತ್ತಾರೆ, ಸುಮ್ನೆ ಅಲ್ಲ. ತಗ್ಗಿನಲ್ಲಿ ಶುರು ಮಾಡಿ ಮೇಲಿನ ಸ್ವರಕ್ಕೆ ಹೋಗುವಾಗ ಕೂಗಲ್ಲ, ಗಂಟಲು ಬಿಗಿಯಲ್ಲ. ನಮ್ಮ ಕಡೆ ಎತ್ತರದ ಸ್ವರ ಬಂದ್ರೆ ಹಾಡುಗಾರರು ಮೊದಲು ಎಕೋ ಜಾಸ್ತಿ ಮಾಡಿಸ್ತಾರೆ (ಯಾರು ಅಂತ ಹೇಳಲ್ಲ, ನಾಳೆ ಮತ್ತೆ ಜೊತೆಗೇ ನುಡಿಸಬೇಕು).

ಬೇಜಾರಾದ ಸಂಗತಿಗಳೂ ಇವೆ. 90ರ ದಶಕದ ಹಿಟ್ಸ್ ಅಂತ ಹೆಸರಿಟ್ಟು ನಾಲ್ಕು ಹೊಸ ಹಾಡು ತುರುಕಿದ್ದಾರೆ. ಆಗಷ್ಟೇ ರೆಕಾರ್ಡ್ ಆದದ್ದು ಹಿಟ್ ಹೇಗಾಗುತ್ತೆ ಸ್ವಾಮಿ? ಅದರಲ್ಲಿ ಎರಡು ಬೇರೆಯವರ ಹಳೆ ಹಾಡುಗಳು. 1967ರಲ್ಲಿ ಬ್ರಿಟನ್ನಿನ ಟ್ರೆಮೆಲೋಸ್ ಬ್ಯಾಂಡ್ ಹಿಟ್ ಮಾಡಿದ್ದ ‘ಹಿಯರ್ ಕಮ್ಸ್ ಮೈ ಬೇಬಿ’ ಚೆನ್ನಾಗಿದೆ, ಖುಷಿಯಾಗಿ ಹಾಡಿದ್ದಾರೆ. ಇನ್ನೊಂದು ಹಳೆ ಕಂಟ್ರಿ ಹಾಡುಗಾರ ಬಕ್ ಓವೆನ್ಸ್ ಅವರದು, ಪರವಾಗಿಲ್ಲ ಅನ್ನಬಹುದು. ಮತ್ತೊಂದು ಬೇಜಾರು, 1994ರ ‘ವಾಟ್ ಎ ಕ್ರೈಯಿಂಗ್ ಶೇಮ್’ ಆಲ್ಬಂ ಕಾಲದ ಹಾಡುಗಳಲ್ಲಿ ಡ್ರಮ್ಸ್ ತುಂಬಾ ಸಭ್ಯ. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಇಸ್ತ್ರಿ ಹಾಕಿದ ಹಾಗೆ. ಅದರ ಪಕ್ಕಕ್ಕೆ 1998ರ ‘ಟ್ರಾಂಪೊಲೀನ್’ ಆಲ್ಬಂನ ಹಾಡು ಬಂದ್ರೆ ಎರಡು ಬೇರೆ ಬೇರೆ ಬ್ಯಾಂಡು ಅನ್ನಿಸುತ್ತೆ. ಹಿಟ್ಸ್ ಆಲ್ಬಂ ಅಂದ್ರೆ ಈ ಗೋಳು ಇದ್ದದ್ದೇ.

ಕಂಟ್ರಿ ಅಂದ್ರೆ ಮೂಗು ಮುರಿಯೋರು ಇದರಿಂದಲೇ ಶುರು ಮಾಡಬಹುದು. ಟ್ರಂಪೆಟ್ ಇಷ್ಟವಾದ್ರೆ ಇಲ್ಲಿ ಜಾಸ್ತಿ ನಿಲ್ಲಬೇಡಿ, ನೇರ ‘ಟ್ರಾಂಪೊಲೀನ್’ಗೆ ಹೋಗಿ. ಮಾಲೊ ಪೂರ್ತಿ ಸ್ಪ್ಯಾನಿಷ್‌ನಲ್ಲೇ ಹಾಡಿದ್ದು ಬೇಕು ಅಂದ್ರೆ 2020ರ ‘ಎನ್ ಎಸ್ಪಾನ್ಯೋಲ್’ ಇದೆ. ಫೋನಿನ ಸ್ಪೀಕರಲ್ಲಿ ಮಾತ್ರ ಕೇಳಬೇಡಿ, ಬೇಸ್ ಗಿಟಾರ್ ಕೇಳಿಸೋದೇ ಇಲ್ಲ.