ಪೊಟ್ಟಣದ ಮೇಲಿನ ಶೇಕಡಾವಾರು: ಗಾಂಜಾ ಲೇಬಲ್ಲಿನ ಒಂದು ವಿಮರ್ಶೆ

ಕಾನೂನಿನ ಅನುಮತಿ ಇರುವ ಕಡೆಗಳಲ್ಲಿ ಮಾರಾಟವಾಗುವ ಗಾಂಜಾದ ಪೊಟ್ಟಣವನ್ನು ಕೈಗೆತ್ತಿಕೊಂಡ ಗಿರಾಕಿ ಮೊದಲು ಹುಡುಕುವುದು ಅಮಲಿಗೆ ಕಾರಣವಾದ ಟಿಎಚ್‌ಸಿಯ ಪ್ರಮಾಣವನ್ನು. ಇಲ್ಲಿ ನಾನು ಪರಿಶೀಲಿಸುತ್ತಿರುವುದು ಒಳಗಿನ ಸರಕನ್ನಲ್ಲ, ಆ ಲೇಬಲ್ಲನ್ನು. ಅದರ ಮೇಲಿನ ಅಂಕಿ ಎಷ್ಟನ್ನು ತಿಳಿಸುತ್ತದೆ, ಎಷ್ಟನ್ನು ಮರೆಮಾಚುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಅಂಕಿಗೆ ದೀರ್ಘ ಚರಿತ್ರೆಯೇನೂ ಇಲ್ಲ. ಇಸ್ರೇಲಿನ ವಿಜ್ಞಾನಿಗಳಾದ ರಾಫೆಲ್ ಮೆಷೂಲಮ್ ಮತ್ತು ಯೆಹಿಯೆಲ್ ಗಾವೋನಿ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದ್ದು 1964ರಲ್ಲಿ. ಅಲ್ಲಿಯವರೆಗೆ ಗಾಂಜಾದ ತೀವ್ರತೆಯನ್ನು ಅಳೆಯಲು ಪ್ರಾಣಿಗಳ ಮೇಲಿನ ಪರೀಕ್ಷೆ ಮತ್ತು ಸೇವಿಸಿದವರ ಮಾತನ್ನೇ ನೆಚ್ಚಬೇಕಿತ್ತು. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಮಾದರಿಗಳನ್ನು ದಶಕಗಳಿಂದ ಪರೀಕ್ಷಿಸುತ್ತ ಬಂದಿರುವ ಮಿಸಿಸಿಪಿ ವಿಶ್ವವಿದ್ಯಾಲಯದ ಲೆಕ್ಕದಂತೆ 1995ರಲ್ಲಿ ಸುಮಾರು ಶೇ. 4ರಷ್ಟಿದ್ದ ಸರಾಸರಿ ಟಿಎಚ್‌ಸಿ 2014ರ ವೇಳೆಗೆ ಸುಮಾರು ಶೇ. 12ಕ್ಕೆ ಏರಿತ್ತು. 1970ರ ದಶಕದ ಅಂಕಿಗಳು ಇನ್ನೂ ಕಡಿಮೆ ಇವೆಯಾದರೂ ಅವುಗಳನ್ನು ಇಂದಿನದರ ಪಕ್ಕದಲ್ಲಿಟ್ಟು ಬೆರಗಾಗುವ ಮುನ್ನ ತುಸು ತಾಳಬೇಕು. ಆಗ ಸಿಗುತ್ತಿದ್ದ ಮಾಲಿನಲ್ಲಿ ಬೀಜ, ಕಡ್ಡಿ, ಎಲೆಗಳೆಲ್ಲ ಸೇರಿರುತ್ತಿದ್ದವು. ದೂರದಿಂದ ಬಂದು ಬಹುಕಾಲ ದಾಸ್ತಾನಿನಲ್ಲಿದ್ದ ಸರಕಿನಲ್ಲಿ ಬೆಳಕು, ಗಾಳಿ, ಶಾಖಗಳಿಂದಾಗಿ ಟಿಎಚ್‌ಸಿಯ ಒಂದಂಶ ಸಿಬಿಎನ್ ಎಂಬ ಇನ್ನೊಂದು ಸಂಯುಕ್ತವಾಗಿ ಬದಲಾಗಿರುತ್ತಿತ್ತು. ಪರಾಗಸ್ಪರ್ಶವಾಗದಂತೆ ಕಾಯ್ದ ಹೆಣ್ಣುಗಿಡದ ಬೀಜವಿಲ್ಲದ ಹೂಗೊಂಚಲು ಮಾರುಕಟ್ಟೆಯನ್ನು ಆಕ್ರಮಿಸಿದ ಮೇಲೆ ಸರಾಸರಿ ಮೇಲೇರಿದ್ದು ಸಹಜವೇ. ಆದರೆ ಏರಿಕೆಗಿಂತ ಗಂಭೀರವೆಂದು ನನಗೆ ತೋರುವುದು ಇಳಿಕೆ: ಟಿಎಚ್‌ಸಿಯ ಕೆಲವು ಪರಿಣಾಮಗಳನ್ನು ತಗ್ಗಿಸಬಹುದೆಂದು ಭಾವಿಸಲಾಗಿರುವ ಸಿಬಿಡಿ ಎಂಬ, ಗಾಂಜಾದಲ್ಲೇ ಇರುವ ಅಮಲು ತರದ ಸಂಯುಕ್ತ ಅದೇ 1995–2014ರ ಅವಧಿಯಲ್ಲಿ ಕುಗ್ಗುತ್ತ ಹೋಗಿ, ಸಿಬಿಡಿಗೆ ಹೋಲಿಸಿದರೆ 14 ಪಟ್ಟು ಇದ್ದ ಟಿಎಚ್‌ಸಿ 80 ಪಟ್ಟಾಯಿತು. ಅಂಗಡಿಯಲ್ಲಿ ಈ ಅನುಪಾತವನ್ನು ಕೇಳುವವರು ವಿರಳ.

ಹೂವಿನ ಪೊಟ್ಟಣದ ಲೇಬಲ್ಲಿಗೆ ನಾನು ಕನಿಷ್ಠ ಅಂಕ ಕೊಡುತ್ತೇನೆ. ಗಿಡದಲ್ಲಿ ಹೆಚ್ಚಿನ ಪಾಲು ಇರುವುದು ಟಿಎಚ್‌ಸಿಯಲ್ಲ, ಅಮಲು ತರದ ಟಿಎಚ್‌ಸಿ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಟಿಎಚ್‌ಸಿಯಾಗುತ್ತದೆ. ಆದ್ದರಿಂದ ಆಮ್ಲದ ತೂಕವನ್ನು 0.877ರಿಂದ ಗುಣಿಸಿ ಒಟ್ಟು ಮೊತ್ತಕ್ಕೆ ಸೇರಿಸುತ್ತಾರೆ. ಈ ಲೆಕ್ಕ ಸರಿಯಾದುದೇ, ಆದರೆ ಅದು ಒಂದು ಚೂರೂ ವ್ಯರ್ಥವಾಗದಿದ್ದರೆ ದೊರೆಯಬಹುದಾದ ಗರಿಷ್ಠ. ಸುಡುವಾಗ ಒಂದು ಪಾಲು ನಾಶವಾಗುವುದು, ಇನ್ನೊಂದು ಪಾಲು ಹೊಗೆಯೊಂದಿಗೆ ಗಾಳಿಗೆ ಹೋಗುವುದು ಅದರಲ್ಲಿ ಕಾಣುವುದಿಲ್ಲ. ಅದರ ಮೇಲೆ, ದೊಡ್ಡ ಅಂಕಿಗೆ ದೊಡ್ಡ ಬೆಲೆ ಸಿಗುವಾಗ ಧಾರಾಳವಾಗಿ ಅಂಕಿ ಕೊಡುವ ಪ್ರಯೋಗಾಲಯವನ್ನೇ ಬೆಳೆಗಾರ ಹುಡುಕಿಕೊಂಡು ಹೋಗುವ ಆಮಿಷ ಇದ್ದೇ ಇದೆ. ಅಮೆರಿಕದ ಕೊಲೊರಾಡೊ ರಾಜ್ಯದ ಅಂಗಡಿಗಳಿಂದ ಕೊಂಡ ಮಾದರಿಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಪಾಲು ಮಾದರಿಗಳ ನಿಜವಾದ ಟಿಎಚ್‌ಸಿ ಲೇಬಲ್ಲಿಗಿಂತ ಗಣನೀಯವಾಗಿ ಕಡಿಮೆಯಿತ್ತು.

ಗಿಡದ ರಾಳವನ್ನು ಒತ್ತಿ ಮಾಡುವ ಚರಸ್ ಅಥವಾ ಹಶೀಶ್ ಸಾಮಾನ್ಯವಾಗಿ ಹೂವಿಗಿಂತ ತೀವ್ರ. ಯುರೋಪಿನಲ್ಲಿ 2006 ಮತ್ತು 2016ರ ನಡುವೆ ಅದರ ಸರಾಸರಿ ಸುಮಾರು ಶೇ. 8ರಿಂದ 17ಕ್ಕೆ ಜಿಗಿಯಿತು. ಬ್ಯೂಟೇನ್‌ನಂತಹ ದ್ರಾವಕಗಳಿಂದ ತೆಗೆದ ಸಾಂದ್ರ ಸಾರಗಳು ಶೇ. 60ರಿಂದ 80ನ್ನು ಮುಟ್ಟುತ್ತವೆ, ಕೆಲವು ಅದನ್ನೂ ದಾಟುತ್ತವೆ. ಆದರೆ ಶೇ. 80 ಎಂದರೆ ಶೇ. 20ರ ನಾಲ್ಕು ಪಟ್ಟು ಅಮಲು ಎಂದು ಓದುವುದು ತಪ್ಪು. ಅದೇ ಕೊಲೊರಾಡೊದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಸಾರ ಬಳಸಿದವರ ರಕ್ತದಲ್ಲಿ ಟಿಎಚ್‌ಸಿ ಹೂವು ಬಳಸಿದವರಿಗಿಂತ ಬಹಳ ಹೆಚ್ಚಿದ್ದರೂ, ಎರಡೂ ಗುಂಪಿನವರು ಅನುಭವಿಸಿದ ಅಮಲು ಮತ್ತು ತೋರಿದ ತಡವರಿಕೆ ಹೆಚ್ಚುಕಡಿಮೆ ಒಂದೇ ಬಗೆಯಾಗಿದ್ದವು. ಇದನ್ನು ನಿರಪಾಯದ ಪ್ರಮಾಣಪತ್ರವೆಂದೂ ಓದಬಾರದು. 2019ರಲ್ಲಿ ಪ್ರಕಟವಾದ, ಯುರೋಪು ಹಾಗೂ ಬ್ರೆಜಿಲಿನ 11 ಸ್ಥಳಗಳ ಅಧ್ಯಯನವೊಂದು ಶೇ. 10 ಅಥವಾ ಅದಕ್ಕಿಂತ ಹೆಚ್ಚಿನ ಟಿಎಚ್‌ಸಿ ಇರುವುದನ್ನೇ ‘ಅಧಿಕ ತೀವ್ರತೆ’ ಎಂದು ಕರೆದು, ಅದನ್ನು ದಿನವೂ ಬಳಸುವವರಲ್ಲಿ ವಾಸ್ತವದ ಅರಿವು ತಪ್ಪುವ ಮನೋವಿಕಾರದ (ಸೈಕೋಸಿಸ್) ಸಾಧ್ಯತೆ, ಎಂದೂ ಬಳಸದವರಿಗೆ ಹೋಲಿಸಿದರೆ, ಸುಮಾರು ಐದು ಪಟ್ಟು ಎಂದು ಕಂಡುಕೊಂಡಿತು. ಸಂಶೋಧಕರಿಗೆ ಎಚ್ಚರಿಕೆಯ ಗೆರೆಯಾದ 10, ಅಂಗಡಿಯ ಕಪಾಟಿನಲ್ಲಿ ಸಪ್ಪೆ ಮಾಲಿನ ಗುರುತು.

ತಿನಿಸುಗಳ ಲೇಬಲ್ಲು ಎಲ್ಲಕ್ಕಿಂತ ಮೇಲು, ಏಕೆಂದರೆ ಅದು ಶೇಕಡಾವಾರನ್ನು ಬಿಟ್ಟು ಮಿಲಿಗ್ರಾಂನಲ್ಲಿ ಮಾತಾಡುತ್ತದೆ. ಶೇ. 20ರ ಒಂದು ಗ್ರಾಂ ಹೂವಿನಲ್ಲಿ 200 ಮಿಲಿಗ್ರಾಂ ಟಿಎಚ್‌ಸಿ ಇರುತ್ತದೆ. 10 ಮಿಲಿಗ್ರಾಂ ಬೆರೆಸಿದ 50 ಗ್ರಾಂ ಚಾಕೊಲೇಟಿನಲ್ಲಿ ಅದರ ಪ್ರಮಾಣ ಕೇವಲ ಶೇ. 0.02. ಹಾಗಿದ್ದೂ ಹೊಸಬರು ಆಸ್ಪತ್ರೆಗೆ ಓಡುವಂತೆ ಮಾಡುವುದು ಈ ಚಾಕೊಲೇಟೇ ಇರಬಹುದು, ಏಕೆಂದರೆ ನುಂಗಿದ ಟಿಎಚ್‌ಸಿ ಯಕೃತ್ತಿನಲ್ಲಿ ಮತ್ತೊಂದು ಪ್ರಬಲ ರೂಪಕ್ಕೆ ತಿರುಗುತ್ತದೆ, ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ತಾಳ್ಮೆಗೆಟ್ಟವನು ಎರಡನೆಯ ತುಂಡನ್ನೂ ಬಾಯಿಗೆ ಹಾಕಿಕೊಂಡಿರುತ್ತಾನೆ. ಕೆನಡಾ ಇಡೀ ಪೊಟ್ಟಣಕ್ಕೇ 10 ಮಿಲಿಗ್ರಾಂ ಮಿತಿ ಹಾಕಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು; ಕೊಲೊರಾಡೊ ಅಷ್ಟನ್ನೇ ಒಂದು ಪಾಲಿಗೆ ನಿಗದಿಪಡಿಸಿ, ಪೊಟ್ಟಣಕ್ಕೆ 100ರವರೆಗೆ ಬಿಟ್ಟಿದೆ. ಆದರೆ ಅಂಕಿಯ ರೂಪ ಸರಿಯಿದ್ದ ಮಾತ್ರಕ್ಕೆ ಅಂಕಿ ಸರಿಯಿರಬೇಕೆಂದಿಲ್ಲ: 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಮೂರು ನಗರಗಳ 75 ತಿನಿಸುಗಳನ್ನು ಪರೀಕ್ಷಿಸಿದಾಗ ಶೇ. 17ರಷ್ಟರ ಲೇಬಲ್ಲುಗಳು ಮಾತ್ರ ನಿಖರವಾಗಿದ್ದವು.

ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆ 2021ರಲ್ಲಿ 5 ಮಿಲಿಗ್ರಾಂ ಟಿಎಚ್‌ಸಿಯನ್ನು ಸಂಶೋಧನೆಯ ಏಕಮಾನವಾಗಿ ನಿಗದಿಪಡಿಸಿತು. ಹೂವು, ರಾಳ, ಸಾರ ಎಂಬ ಭೇದವಿಲ್ಲದೆ ಪ್ರತಿ ಪೊಟ್ಟಣದ ಮೇಲೂ ಅಂತಹ ಎಷ್ಟು ಏಕಮಾನಗಳಿವೆ, ಸಿಬಿಡಿ ಎಷ್ಟಿದೆ, ಪರೀಕ್ಷೆ ಯಾವ ದಿನ ನಡೆಯಿತು ಎಂಬ ಮೂರು ಸಾಲುಗಳನ್ನು ಅಚ್ಚು ಹಾಕಿದ ದಿನ ನನ್ನ ಅಂಕಗಳನ್ನು ತಿದ್ದಿಕೊಳ್ಳುತ್ತೇನೆ. ಈಗಿರುವಂತೆ ಐದರಲ್ಲಿ ಹೂವಿಗೆ ಒಂದು, ಸಾರಕ್ಕೆ ಎರಡು, ತಿನಿಸಿಗೆ ಮೂರು.