ದವಡೆಗೆ ಇಂಜೆಕ್ಷನ್: ತಲೆನೋವು ಹೋಯಿತು, ಜೊತೆಗೆ ಖಡಕ್ ರೊಟ್ಟಿಯೂ ಹೋಯಿತು

ದವಡೆಗೆ ಬೊಟಾಕ್ಸ್ ಇಂಜೆಕ್ಷನ್ ಶುರು ಮಾಡಿ ಎರಡನೇ ವರ್ಷ ನಡೆಯುತ್ತಿದೆ. ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ ಇದು ಕೆಲಸ ಮಾಡುತ್ತದಾ ಅಂತ ಅಂಗಡಿಗೆ ಬಂದವರೂ ಕೇಳುತ್ತಾರೆ. ಮಾಡುತ್ತದೆ. ಸ್ವಲ್ಪ ಜಾಸ್ತಿಯೇ ಮಾಡುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ಕೊಪ್ಪಳದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ವ್ಯಾಪಾರ ಮುಕ್ಕಾಲು ಪಾಲು ಉದ್ರಿ. ಮಳೆ ಕೈಕೊಟ್ಟ ವರ್ಷ ಉದ್ರಿ ಪುಸ್ತಕ ದಪ್ಪ ಆಗುತ್ತದೆ, ಕಂಪನಿಯವರ ಫೋನ್ ನಿಲ್ಲುವುದಿಲ್ಲ. ಹಗಲೆಲ್ಲ ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡಿ, ರಾತ್ರಿ ಹಲ್ಲು ಕಡಿಯುತ್ತೇನೆ. ಪಕ್ಕದಲ್ಲಿ ಮಲಗುವವಳಿಗೆ ಬೀಸುಕಲ್ಲಿನಲ್ಲಿ ಕಾಳು ಒಡೆದ ಹಾಗೆ ಕೇಳಿಸುತ್ತದಂತೆ. ನಮ್ಮವ್ವ ಮಾತ್ರ ಇವತ್ತಿಗೂ "ಹೊಟ್ಯಾಗ ಜಂತುಹುಳ ಆಗ್ಯಾವ, ಗುಳಿಗಿ ತಗೋ" ಅನ್ನುತ್ತಾಳೆ. ಅವಳ ಸಮಾಧಾನಕ್ಕೆ ತಗೊಂಡೂ ಆಯಿತು. ಹುಳ ಇದ್ದವೋ ಇಲ್ಲವೋ, ಹಲ್ಲು ಕಡಿಯುವುದಂತೂ ನಿಲ್ಲಲಿಲ್ಲ.

ಹಲ್ಲಿನ ಡಾಕ್ಟರು ಮೊದಲು ಕೊಟ್ಟಿದ್ದು ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ. ಅದನ್ನು ಅಪ್ಪನ ಹಳೇ ಎಲೆ-ಅಡಿಕೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ತೆಗೆದು, ಮೆತ್ತನೆ ಬ್ರಷ್ಷಿನಿಂದ ತಣ್ಣೀರಲ್ಲಿ ತೊಳೆದು, ಬಟ್ಟೆ ಮೇಲೆ ಒಣಗಲು ಇಡುವುದು, ಆಮೇಲೆ ಚಹಾ. ಬಿಸಿನೀರು ತಾಗಿಸಿದರೆ ಸೊಟ್ಟ ಆಗುತ್ತದೆ, ನೆನಪಿರಲಿ. ಗಾರ್ಡ್ ಹಲ್ಲು ಸವೆಯದಂತೆ ಕಾಯುತ್ತದೆ, ಆದರೆ ದವಡೆಯ ಜೋರು ಕಡಿಮೆ ಮಾಡುವುದಿಲ್ಲ. ನಾನು ಗಾರ್ಡನ್ನೇ ಕಡಿದು ತೂತು ಮಾಡಿದೆ. ಕಪಾಳದ ನೋವು, ಕಿವಿ ಮುಂದಿನ ನೋವು, ಬಾಯಿ ಪೂರ್ತಿ ತೆರೆಯಲಾಗದ ಬೆಳಗು, ಎಲ್ಲ ಹಾಗೇ ಉಳಿದವು. ಆಗ ಡಾಕ್ಟರು ಎರಡೂ ಕೆನ್ನೆ ಮೇಲೆ ಬೆರಳಿಟ್ಟು "ಹಲ್ಲು ಕಚ್ಚಿ" ಅಂದರು. ಸ್ನಾಯು ಗಟ್ಟಿಯಾಗಿ ಉಬ್ಬಿ ಬಂತು. ಅದರ ಹೆಸರು ಮ್ಯಾಸೆಟರ್. ಊಟ ಅಗಿಯುವ ಮುಖ್ಯ ಸ್ನಾಯು ಅದೇ. ಈ ಮಾತಿಗೆ ಮುಂದೆ ಬರುತ್ತೇನೆ.

ಆ ಸ್ನಾಯುವಿಗೆ ಹಾಕುವ ಇಂಜೆಕ್ಷನ್ನನ್ನು ಜನ ಬೊಟಾಕ್ಸ್ ಅಂತಲೇ ಕರೆಯುತ್ತಾರೆ. ಔಷಧಿ ಬೊಟುಲಿನಮ್ ಟಾಕ್ಸಿನ್, ಬೇರೆ ಬೇರೆ ಕಂಪನಿಗಳದ್ದು ಸಿಗುತ್ತದೆ. ನರದ ತುದಿಯಿಂದ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಅನ್ನುವ ಸಂದೇಶ ಹೋಗದಂತೆ ಇದು ತಡೆಯುತ್ತದೆ. ಕಡಿ ಅಂತ ಮೆದುಳು ಹೇಳುತ್ತಲೇ ಇರುತ್ತದೆ, ಸ್ನಾಯುವಿಗೆ ಅಷ್ಟು ಜೋರಾಗಿ ಕಡಿಯಲು ಆಗುವುದಿಲ್ಲ. ಅಷ್ಟೇ. ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆಯ ಸೆಳೆತಕ್ಕೆ. ಹುಬ್ಬುಗಳ ನಡುವಿನ ಸುಕ್ಕಿಗೆ 2002ರಲ್ಲಿ, ದೀರ್ಘಕಾಲದ ಮೈಗ್ರೇನ್ ತಲೆನೋವಿಗೆ 2010ರಲ್ಲಿ. ಹಲ್ಲು ಕಡಿಯುವುದು ಆ ಪಟ್ಟಿಯಲ್ಲಿ ಇಲ್ಲ. ಡಾಕ್ಟರು ತಮ್ಮ ತಿಳುವಳಿಕೆಯ ಮೇಲೆ ಕೊಡುತ್ತಾರೆ. ನಮ್ಮ ಡಾಕ್ಟರು ಇದನ್ನು ಮುಚ್ಚಿಡದೆ ಹೇಳಿದರು, ಅದಕ್ಕೇ ಧೈರ್ಯ ಬಂತು.

ಹುಬ್ಬಳ್ಳಿಗೆ ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ. ಸೂಜಿ ತೀರಾ ಸಣ್ಣದು, ಒಂದೊಂದು ಕಡೆ ಮೂರ್ನಾಲ್ಕು ಚುಚ್ಚು. ನೋವಿನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕೆನ್ನೆ ತಿಕ್ಕಬೇಡಿ, ಕೆಲವು ಗಂಟೆ ಮಲಗಬೇಡಿ ಅನ್ನುತ್ತಾರೆ, ಹಾಗಾಗಿ ವಾಪಸ್ ರೈಲಿನಲ್ಲಿ ಬರ್ತ್ ಖಾಲಿ ಇದ್ದರೂ ನೆಟ್ಟಗೆ ಕೂತು ಬರಬೇಕು. ಆ ವಾರ ಕಟಿಂಗ್ ಅಂಗಡಿಗೂ ಹೋಗಬೇಡಿ. ನಮ್ಮ ಕಡೆಯವರು ಶೇವಿಂಗ್ ಮುಗಿಸಿ ಕೇಳದೇ ಕೆನ್ನೆ ಹಿಂಡಿ ಬಿಡುತ್ತಾರೆ.

ಮೊದಲ ಕೆಲವು ದಿನ ಏನೂ ಗೊತ್ತಾಗಲಿಲ್ಲ, ದುಡ್ಡು ನೀರಿಗೆ ಹಾಕಿದೆ ಅಂದುಕೊಂಡೆ. ಪೂರ್ತಿ ಪರಿಣಾಮಕ್ಕೆ ಎರಡು ವಾರ ಹಿಡಿಯುತ್ತದೆ. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿ ಪೂರ್ತಿ ತೆರೆಯಿತು, ಕಟ್ ಅನ್ನಲಿಲ್ಲ. ಕಪಾಳ ಹಗುರ. ತಲೆನೋವಿನ ಗುಳಿಗೆ ಇಡುತ್ತಿದ್ದ ಗಲ್ಲೆಯ ಡ್ರಾಯರ್ ಈಗ ಚಿಲ್ಲರೆ ಇಡಲು ಆಗಿದೆ. ಮನೆಯವಳು ಎಷ್ಟೋ ವರ್ಷದ ಮೇಲೆ ಫ್ಯಾನ್ ಸದ್ದು ಕೇಳಿಸಿತು ಅಂದಳು. ಇಲ್ಲಿಗೇ ಬರೆಯುವುದು ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್.

ಆದರೆ ಊಟದ ತಾಟು ಅಂತ ಒಂದು ಇದೆಯಲ್ಲ. ನಮ್ಮ ಮನೆಯಲ್ಲಿ ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಬಿಳಿ ಬಟ್ಟೆ ಸುತ್ತಿ ಇಡುತ್ತಾರೆ. ಖಡಕ್ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ, ಕೆನೆ ಮೊಸರು, ಪಕ್ಕಕ್ಕೆ ಪುಂಡಿಪಲ್ಯೆ, ಒಂದು ಹಸಿ ಉಳ್ಳಾಗಡ್ಡಿ. ಇಷ್ಟಿದ್ದರೆ ನನಗೆ ಮತ್ತೇನೂ ಬೇಡ. ಇಂಜೆಕ್ಷನ್ ಹಿಡಿದ ಮೇಲೆ ಅರ್ಧ ರೊಟ್ಟಿಗೆ ದವಡೆ ಸೋತು ಬಿಡುತ್ತಿತ್ತು. ನೋವಲ್ಲ, ಸುಸ್ತು. ನಡುವೆ ನಿಲ್ಲಿಸಿ, ಸುಧಾರಿಸಿಕೊಂಡು, ಮತ್ತೆ ಅಗಿಯಬೇಕು. ಆಳುಗಳು ಉಂಡು ಕೈತೊಳೆದರೂ ನಾನಿನ್ನೂ ತಾಟಿನ ಮುಂದೆ. ಕೊನೆಗೆ ಬೇಳೆ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿ, ನೆನೆಸಿ ತಿನ್ನಲು ಶುರು ಮಾಡಿದೆ. ಅದೂ ರುಚಿಯೇ, ಇಲ್ಲ ಅನ್ನಲ್ಲ. ಆದರೆ ಬೇಕು ಅಂತ ನೆನೆಸುವುದು ಬೇರೆ, ಬೇರೆ ದಾರಿಯಿಲ್ಲದೆ ನೆನೆಸುವುದು ಬೇರೆ, ಅಲ್ವಾ?

ಅದೇ ಜನವರಿಯಲ್ಲಿ ಗವಿಮಠದ ಜಾತ್ರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ, ಟ್ರ್ಯಾಕ್ಟರ್ ತುಂಬಿ. ಯಾವುದೋ ಊರಿನ ಯಾವುದೋ ತಾಯಿ ಬಡಿದ ರೊಟ್ಟಿ ನಮ್ಮ ತಾಟಿಗೆ ಬೀಳುತ್ತದೆ. ಪಂಗ್ತಿಯಲ್ಲಿ ಕೂತು ನಾನು ಮಾದಲಿ ಮೇಲೆ ಮಾದಲಿ ಹಾಕಿಸಿಕೊಂಡೆ, ರೊಟ್ಟಿಯನ್ನು ಮಗನ ತಾಟಿಗೆ ದಾಟಿಸಿದೆ. ಬಡಿಸುತ್ತಿದ್ದ ಪರಿಚಯದ ಹಿರಿಯರು "ಯಾಕ್ರೀ ಸಾವ್ಕಾರ್ರ, ಹಲ್ಲು ಕಟ್ಟಿಸೀರೇನು?" ಅಂದರು. ನಲವತ್ತಾರಕ್ಕೆ ಕೇಳಬೇಕಾದ ಮಾತಾ ಅದು?

ಕ್ಲಿನಿಕ್ಕಿನವರು ಹೇಳಲೇ ಇಲ್ಲ ಅನ್ನುವ ಹಾಗಿಲ್ಲ. ಕೊಟ್ಟ ಚೀಟಿಯಲ್ಲಿ "ಚೂಯಿಂಗ್ ಗಮ್, ಗಟ್ಟಿ ಮಾಂಸ ಜಗಿಯುವಾಗ ಆಯಾಸ" ಅಂತ ಇತ್ತು. ಚೂಯಿಂಗ್ ಗಮ್ ನಾನ್ಯಾಕೆ ತಿನ್ನಲಿ, ನಾವು ಮಾಂಸ ಮುಟ್ಟುವವರೇ ಅಲ್ಲ. ಇಡೀ ಉತ್ತರ ಕರ್ನಾಟಕ ರೊಟ್ಟಿ ತಿಂದು ಬದುಕುವಾಗ ಆ ಚೀಟಿಗೆ ಒಂದು ಸಾಲು ಸೇರಿಸಲು ಏನು ಕಷ್ಟ? ಕೌಂಟರಿನಲ್ಲಿ ಇದ್ದ ಹುಡುಗಿಗೆ ಮಾತ್ರ ಒಂದೇ ಉತ್ಸಾಹ: "ಸರ್, ನಿಮ್ಮ ಫೇಸ್ ಸ್ಲಿಮ್ ಆಗುತ್ತೆ." ಸ್ನಾಯು ಕೆಲಸ ಕಡಿಮೆ ಮಾಡಿದರೆ ಸೊರಗುತ್ತದೆ, ಅಗಲ ಮುಖ ಸ್ವಲ್ಪ ಇಳಿಯುತ್ತದೆ, ಅದು ನಿಜ. ನಮ್ಮಲ್ಲಿ ಕೆನ್ನೆ ಇಳಿದರೆ ಸಾಲ ಏರಿದೆ ಅಂತ ಲೆಕ್ಕ ಹಾಕುವವರೇ ಜಾಸ್ತಿ. ಗೊಬ್ಬರದ ಅಂಗಡಿಯವನಿಗೆ ಅದು ಒಳ್ಳೆಯದಲ್ಲ.

ಎರಡನೇ ಸಲ ಹೋದಾಗ ನಾನೇ ಬಾಯಿಬಿಟ್ಟು ಕೇಳಿದೆ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಮೊದಲು ಒಂದು ಕಡೆಗೆ 30 ಯೂನಿಟ್ ಹಾಕಿದ್ದನ್ನು 20ಕ್ಕೆ ಇಳಿಸಿದರು. ರೊಟ್ಟಿ ವಾಪಸ್ ಬಂತು! ಪೂರ್ತಿ ಹಳೇ ವೇಗ ಅಲ್ಲ, ಆದರೆ ಆಳುಗಳ ಜೊತೆಗೇ ಏಳುವಷ್ಟು. ಬದಲಿಗೆ ಮೊದಲ ಸಲಕ್ಕಿಂತ ಬೇಗ ರಾತ್ರಿ ಸದ್ದು ಶುರುವಾಯಿತು. ಸಾಮಾನ್ಯವಾಗಿ ಪರಿಣಾಮ ಮೂರು-ನಾಲ್ಕು ತಿಂಗಳು ಇರುತ್ತದೆ, ನನಗೆ ಮೂರು ತುಂಬುವ ಮೊದಲೇ ಇಳಿಯಿತು. ಆದರೂ ನನ್ನ ಮತ ಕಡಿಮೆ ಡೋಸಿಗೇ. ಯೂನಿಟ್ ಲೆಕ್ಕದಲ್ಲಿ ಬಿಲ್ ಮಾಡುವುದರಿಂದ ಖರ್ಚೂ ಇಳಿಯಿತು. ಮೊದಲ ಸಲ ಹದಿನೆಂಟು ಸಾವಿರ ಆಗಿದ್ದು ಹನ್ನೆರಡಕ್ಕೆ ಬಂತು. ಹನ್ನೆರಡು ಸಾವಿರವೂ ನನಗೆ ಸಣ್ಣ ದುಡ್ಡಲ್ಲ, ನನ್ನ ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಇನ್ನೊಂದು ಮಾತು, ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್ಟಿಗೆ ಸಮ ಅಲ್ಲ. ಬರೀ ರೇಟು ನೋಡಿ ಇಲ್ಲಿ ಅಗ್ಗ, ಅಲ್ಲಿ ದುಬಾರಿ ಅನ್ನಬೇಡಿ. ಔಷಧಿ ಫ್ರಿಜ್ಜಿನಿಂದ ತೆಗೆದು ನಿಮ್ಮ ಮುಂದೆಯೇ ಕಲಸಲು ಹೇಳಿ. ನಮ್ಮ ಬಿಸಿಲು ಗೊತ್ತಲ್ಲ, ಇದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸರಕು.

ಎಲ್ಲರೂ ತಗೊಳ್ಳುವಂಥದ್ದೂ ಅಲ್ಲ. ಬಸುರಿಯರು, ಹಾಲೂಡಿಸುವವರು, ಮಯಸ್ತೇನಿಯಾದಂಥ ಸ್ನಾಯು ದುರ್ಬಲತೆಯ ಕಾಯಿಲೆ ಇದ್ದವರು ಇದರ ಹತ್ತಿರ ಹೋಗಬಾರದು. ಸೂಜಿ ಜಾಗ ತಪ್ಪಿದರೆ ನಗು ಕೆಲವು ವಾರ ಸೊಟ್ಟ ಆಗಬಹುದು, ಹಾಗಾಗಿ ಕೈ ಪಳಗಿದವರ ಹತ್ತಿರವೇ ಹೋಗಿ. ಪದೇ ಪದೇ ತಗೊಂಡರೆ ದವಡೆಯ ಮೂಳೆ ತೆಳು ಆಗುತ್ತದಾ ಅನ್ನುವ ಚರ್ಚೆ ಡಾಕ್ಟರುಗಳ ನಡುವೆಯೇ ಇನ್ನೂ ಮುಗಿದಿಲ್ಲ. ಗೊರಕೆ ಜೋರಾಗಿದ್ದರೆ ಮೊದಲು ಅದನ್ನು ತೋರಿಸಿ, ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲೂ ಹಲ್ಲು ಕಡಿಯುವುದು ಕಾಣುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬರುತ್ತದೆ, ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಈಗ ನನ್ನ ಲೆಕ್ಕ ಹೀಗಿದೆ. ವರ್ಷವಿಡೀ ತಗೊಳ್ಳುವುದಿಲ್ಲ. ಮೇ ಕೊನೆಗೆ ಒಂದು ಸಲ, ಮುಂಗಾರಿನ ಬೀಜದ ಗದ್ದಲ ಶುರುವಾಗುವ ಮುಂಚೆ. ನನ್ನ ಹಲ್ಲಿಗೆ ವರ್ಷದ ಕೆಟ್ಟ ಕಾಲ ಅದೇ, ಆಗಸ್ಟ್ ತನಕ ಕಾಪಾಡಿದರೆ ಸಾಕು. ಚಳಿಗಾಲಕ್ಕೆ ಗಾರ್ಡ್ ಒಂದೇ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಆಮೇಲೆ ಜಾತ್ರೆ, ಇಷ್ಟಕ್ಕೂ ದವಡೆ ನನ್ನದೇ ಇರಬೇಕು. ಆ ತಿಂಗಳುಗಳಲ್ಲಿ ಅಲ್ಲೊಂದು ಇಲ್ಲೊಂದು ದಿನ ತಲೆ ನೋಯುತ್ತದೆ, ನೋಯಲಿ. ಕ್ಲಿನಿಕ್ಕಿನವರು ನವೆಂಬರಿನಲ್ಲಿ ಫೋನ್ ಮಾಡಿ "ಸರ್, ಡೋಸ್ ಟೈಮ್ ಆಯ್ತು" ಅಂತ ನೆನಪಿಸುತ್ತಾರೆ. ಮೇ ತಿಂಗಳಿಗೆ ಬರೆದುಕೊಳ್ಳಿ ಅಂತ ಹೇಳಿ ಇಡುತ್ತೇನೆ.